ಟೊಕುಗಾವ ಇಯೆಯಾಸು

ಟೊಕುಗಾವ ಇಯೆಯಾಸು (31 ಜನವರಿ 1543 – 1 ಜೂನ್ 1616) ಜಪಾನ್ ದೇಶದ ಸೇನಾನಾಯಕ, ಆಡಳಿತಗಾರ ಹಾಗೂ ಟೊಕುಗಾವ ಶೋಗನ್ ಮನೆತನದ ಸ್ಥಾಪಕ. 1600ರ ಸೆಕಿಗಹಾರ ಕದನದಲ್ಲಿ ಜಯ ಗಳಿಸಿ, 1603ರಲ್ಲಿ ಶೋಗನ್ ಪದವಿಯನ್ನು ಪಡೆದು, ಎಡೊ ಪಟ್ಟಣವನ್ನು (ಇಂದಿನ ಟೋಕಿಯೊ) ಕೇಂದ್ರವಾಗಿಸಿಕೊಂಡು ಇವನು ನೆಲೆಗೊಳಿಸಿದ ಸಮುರಾಯ್ ಸರ್ಕಾರವು 1867ರವರೆಗೆ ನಡೆಯಿತು. ಓಡ ನೊಬುನಾಗ ಮತ್ತು ಟೊಯೊಟೊಮಿ ಹಿದೆಯೋಶಿಯರೊಡನೆ ಇವನನ್ನು ಜಪಾನಿನ ಮೂವರು ಏಕೀಕರಣಕಾರರಲ್ಲಿ ಒಬ್ಬನೆಂದು ಪರಿಗಣಿಸಲಾಗುತ್ತದೆ. ಬಾಲ್ಯವನ್ನು ಒತ್ತೆಯಾಳಾಗಿ ಕಳೆದ ಇವನು ತನ್ನ ಅರವತ್ತನೆಯ ವಯಸ್ಸಿನಲ್ಲಿ ದೇಶದ ಅಧಿಕಾರವನ್ನು ಕೈಗೆ ತೆಗೆದುಕೊಂಡನು.

ಹಿನ್ನೆಲೆ

ಜಪಾನಿನಲ್ಲಿ ಸಾಮ್ರಾಟನು ಕ್ಯೋಟೊ ನಗರದಲ್ಲಿದ್ದನು. ಆದರೆ ಹನ್ನೆರಡನೆಯ ಶತಮಾನದ ಕೊನೆಯಿಂದ ನಿಜವಾದ ಅಧಿಕಾರವು ಶೋಗನ್ ಎಂಬ ಸೇನಾಧಿಪತಿಯ ಕೈಯಲ್ಲಿತ್ತು. ಶೋಗನ್ ನಡೆಸುವ ಸರ್ಕಾರಕ್ಕೆ ಬಕುಫು ಎಂದು ಹೆಸರು. ಸಾತಾರೆಯಲ್ಲಿ ಛತ್ರಪತಿ ಇದ್ದು ಪುಣೆಯಲ್ಲಿ ಪೇಶ್ವೆ ರಾಜ್ಯವಾಳಿದ ಪದ್ಧತಿಯನ್ನು ಬಲ್ಲ ಓದುಗರಿಗೆ ಈ ಏರ್ಪಾಡು ಸುಲಭವಾಗಿ ಅರ್ಥವಾಗುತ್ತದೆ.

1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದ ನಂತರ ಅಂದಿನ ಅಶಿಕಾಗ ಶೋಗನ್‌ರ ಹಿಡಿತ ಸಡಿಲವಾಯಿತು. ದೈಮ್ಯೊ ಎಂದು ಕರೆಯಲಾಗುವ ಪ್ರಾಂತೀಯ ಒಡೆಯರು ನಮ್ಮ ಪಾಳೆಯಗಾರರಂತೆ ತಮ್ಮ ತಮ್ಮ ಕೋಟೆಗಳಲ್ಲಿ ಸ್ವತಂತ್ರರಾದರು. ನೂರು ವರ್ಷಗಳಿಗೂ ಮಿಕ್ಕಿ ನಡೆದ ಈ ಅಂತಃಕಲಹದ ಕಾಲವನ್ನು ಸೆಂಗೋಕು ಯುಗ ಎನ್ನುತ್ತಾರೆ. ಒಬ್ಬ ದೈಮ್ಯೊನ ಬಲವನ್ನು ಅವನ ಸೀಮೆಯ ಅಕ್ಕಿಯ ಇಳುವರಿಯಿಂದ ಅಳೆಯುತ್ತಿದ್ದರು. ಇದರ ಮಾನ ಕೊಕು. ಒಂದು ಕೊಕು ಎಂದರೆ ಸುಮಾರು 180 ಲೀಟರ್, ಅಂದರೆ ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಲುವಷ್ಟು ಅಕ್ಕಿ.

ಜನನ ಮತ್ತು ಬಾಲ್ಯ

ಇಯೆಯಾಸು ಮಿಕಾವ ಪ್ರಾಂತ್ಯದ (ಇಂದಿನ ಐಚಿ ಪ್ರಾಂತ್ಯದ ಭಾಗ) ಓಕಜಾಕಿ ಕೋಟೆಯಲ್ಲಿ ಜನಿಸಿದನು. ತಂದೆ ಮತ್ಸುದೈರ ಹಿರೋತದ, ತಾಯಿ ಓದೈ. ಮಗುವಿಗೆ ತಾಕೆಚಿಯೊ ಎಂದು ಹೆಸರಿಟ್ಟರು. ಮತ್ಸುದೈರ ಮನೆತನವು ಪೂರ್ವದಲ್ಲಿ ಇಮಾಗಾವ, ಪಶ್ಚಿಮದಲ್ಲಿ ಓಡ ಎಂಬ ಎರಡು ಬಲಿಷ್ಠ ಮನೆತನಗಳ ನಡುವೆ ಸಿಲುಕಿದ ಸಣ್ಣ ಮನೆತನವಾಗಿತ್ತು. ಓದೈಯ ತವರಿನವರು ಓಡ ಪಕ್ಷವನ್ನು ಸೇರಿದ್ದರಿಂದ, ಇಮಾಗಾವರ ಆಶ್ರಯದಲ್ಲಿದ್ದ ಹಿರೋತದನು ಹೆಂಡತಿಯನ್ನು ತವರಿಗೆ ಕಳುಹಿಸಿದನು. ಆಗ ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ.

1547ರಲ್ಲಿ ತಾಕೆಚಿಯೊನನ್ನು ಒತ್ತೆಯಾಳಾಗಿ ಇಮಾಗಾವರಲ್ಲಿಗೆ ಕಳುಹಿಸಲಾಯಿತು. ಸಾಂಪ್ರದಾಯಿಕ ವೃತ್ತಾಂತದ ಪ್ರಕಾರ, ದಾರಿಯಲ್ಲಿ ಜೊತೆಗಿದ್ದವರೇ ಅವನನ್ನು ಓಡರಿಗೆ ಒಪ್ಪಿಸಿದರು. 1549ರಲ್ಲಿ ತಂದೆ ತೀರಿಕೊಂಡನು. ಅದೇ ವರ್ಷ ಸೆರೆಯಾಳುಗಳ ವಿನಿಮಯದಲ್ಲಿ ಬಾಲಕನು ಇಮಾಗಾವರ ರಾಜಧಾನಿ ಸುಂಪುವಿಗೆ (ಇಂದಿನ ಶಿಜುವೊಕ) ಬಂದನು. ಟಿಪ್ಪು ಸುಲ್ತಾನನು 1792ರ ಒಪ್ಪಂದದಂತೆ ತನ್ನ ಇಬ್ಬರು ಮಕ್ಕಳನ್ನು ಬ್ರಿಟಿಷರಿಗೆ ಒಪ್ಪಿಸಿದ ಪ್ರಸಂಗ ಕನ್ನಡಿಗರಿಗೆ ಪರಿಚಿತ. ಜಪಾನಿನಲ್ಲಿ ಇಂಥ ಒತ್ತೆಯು ಆ ಕಾಲದ ನಿತ್ಯದ ರಾಜನೀತಿಯೇ ಆಗಿತ್ತು.

ಸುಂಪುವಿನಲ್ಲಿ ಅವನಿಗೆ ಶಸ್ತ್ರವಿದ್ಯೆಯೂ ಓದುಬರಹವೂ ದೊರೆತವು. 1557ರಲ್ಲಿ ಇಮಾಗಾವರ ಬಂಧುವರ್ಗದ ಕನ್ಯೆಯೊಡನೆ ವಿವಾಹವಾಯಿತು. ಚರಿತ್ರೆಯಲ್ಲಿ ಇವಳು ತ್ಸುಕಿಯಾಮ ಎಂಬ ಹೆಸರಿನಿಂದ ಪ್ರಸಿದ್ಧಳು. 1559ರಲ್ಲಿ ಮೊದಲ ಮಗ ನೊಬುಯಾಸು ಹುಟ್ಟಿದನು.

ಸ್ವಾತಂತ್ರ್ಯ ಮತ್ತು ಓಡ ಮೈತ್ರಿ

1560ರಲ್ಲಿ ಇಮಾಗಾವ ಯೋಶಿಮೊತೊ ದೊಡ್ಡ ಸೈನ್ಯದೊಡನೆ ಪಶ್ಚಿಮಕ್ಕೆ ನಡೆದನು. ಓಕೆಹಜಾಮ ಎಂಬಲ್ಲಿ ಓಡ ನೊಬುನಾಗನ ಸಣ್ಣ ಪಡೆ ಹಠಾತ್ತಾಗಿ ಮೇಲೆ ಬಿದ್ದು ಅವನನ್ನು ಕೊಂದಿತು. ಮುಂಚೂಣಿಯ ಓದಾಕ ಕೋಟೆಗೆ ದವಸಧಾನ್ಯ ಸಾಗಿಸುವ ಹೊಣೆ ಹೊತ್ತಿದ್ದ ಇಯೆಯಾಸು ಆ ಅವಕಾಶದಲ್ಲಿ ಓಕಜಾಕಿಗೆ ಹಿಂತಿರುಗಿ ತಂದೆಯ ಕೋಟೆಯನ್ನು ವಶಪಡಿಸಿಕೊಂಡನು. ಇದೇ ವರ್ಷ ಅವನು ತಾಯಿಯನ್ನು ಮತ್ತೆ ಕಂಡನು. ಆ ವೇಳೆಗೆ ಅವಳು ಬೇರೊಬ್ಬರನ್ನು ಮದುವೆಯಾಗಿದ್ದಳು.

1562ರಲ್ಲಿ ಅವನು ತಂದೆಯ ಕಾಲದ ವೈರಿಯಾದ ನೊಬುನಾಗನೊಡನೆ ಮೈತ್ರಿ ಮಾಡಿಕೊಂಡನು. ಮಾತು ಮುರಿಯುವುದೇ ರೂಢಿಯಾಗಿದ್ದ ಆ ಯುಗದಲ್ಲಿ ಈ ಮೈತ್ರಿಯು 20 ವರ್ಷ, ಅಂದರೆ ನೊಬುನಾಗನ ಮರಣದವರೆಗೂ ಉಳಿಯಿತು. 1563ರಲ್ಲಿ ಅವನು ಇಯೆಯಾಸು ಎಂಬ ಹೆಸರನ್ನಿಟ್ಟುಕೊಂಡನು. ಅದೇ ವರ್ಷ ಮಿಕಾವದಲ್ಲಿ ಬೌದ್ಧ ಪಂಥವೊಂದರ ಅನುಯಾಯಿಗಳು ದಂಗೆಯೆದ್ದರು. ಅವನ ಸಮುರಾಯ್‌ಗಳಲ್ಲಿ ಅನೇಕರು ದಂಗೆಕೋರರನ್ನು ಸೇರಿದರು. 1564ರಲ್ಲಿ ದಂಗೆ ಅಡಗಿದಾಗ ಇಯೆಯಾಸು ಮರಳಿ ಬಂದ ಹಲವರನ್ನು ಕ್ಷಮಿಸಿ ಸೇವೆಗೆ ಸೇರಿಸಿಕೊಂಡನು. ಮುಂದೆ ಆಸ್ಥಾನದ ಒಪ್ಪಿಗೆಯೊಡನೆ ಟೊಕುಗಾವ ಎಂಬ ಮನೆತನದ ಹೆಸರನ್ನು ಧರಿಸಿ, ತಾನು ಪ್ರಾಚೀನ ಮಿನಾಮೊತೊ ವಂಶದವನೆಂದು ಹೇಳಿಕೊಂಡನು. ಈ ವಂಶಾವಳಿಯನ್ನು ಇತಿಹಾಸಕಾರರು ಸಂದೇಹದಿಂದ ನೋಡುತ್ತಾರೆ.

ಮಿಕತಗಹಾರ ಸೋಲು

1570ರಲ್ಲಿ ಇಯೆಯಾಸು ತನ್ನ ನೆಲೆಯನ್ನು ಹಮಾಮತ್ಸುವಿಗೆ ಬದಲಿಸಿದನು. ಇದರಿಂದ ಉತ್ತರದ ಪರ್ವತಸೀಮೆಯ ಟಕೆದ ಶಿಂಗೆನ್‌ನೊಡನೆ ನೇರ ಘರ್ಷಣೆ ಉಂಟಾಯಿತು. 25 ಜನವರಿ 1573ರಂದು ಮಿಕತಗಹಾರ ಬಯಲಿನಲ್ಲಿ, ತನಗಿಂತ ಎರಡು ಪಟ್ಟಿಗೂ ದೊಡ್ಡದಾದ ಸೈನ್ಯವನ್ನು ಎದುರಿಸಿ ಅವನು ಸಂಪೂರ್ಣವಾಗಿ ಸೋತನು. ನತ್ಸುಮೆ ಯೋಶಿನೊಬು ಎಂಬ ಸೇವಕನು ತಾನೇ ಇಯೆಯಾಸು ಎಂದು ಕೂಗುತ್ತ ಶತ್ರುಗಳ ಮೇಲೆ ನುಗ್ಗಿ ಪ್ರಾಣ ಕೊಟ್ಟನೆಂದೂ, ಆ ಅವಕಾಶದಲ್ಲಿ ಒಡೆಯನು ಕೋಟೆ ಸೇರಿದನೆಂದೂ ವೃತ್ತಾಂತಗಳು ತಿಳಿಸುತ್ತವೆ. ಇದೇ ನತ್ಸುಮೆ ಹತ್ತು ವರ್ಷಗಳ ಹಿಂದಿನ ದಂಗೆಯಲ್ಲಿ ಇಯೆಯಾಸುವಿನ ವಿರುದ್ಧ ನಿಂತು ಕ್ಷಮೆ ಪಡೆದವರಲ್ಲಿ ಒಬ್ಬನು. ಅದೇ ವರ್ಷ ಶಿಂಗೆನ್ ತೀರಿಕೊಂಡನು. 1575ರ ನಾಗಶಿನೊ ಕದನದಲ್ಲಿ ಓಡ ಮತ್ತು ಟೊಕುಗಾವ ಸೈನ್ಯಗಳು ಬಂದೂಕುಗಳ ನೆರವಿನಿಂದ ಟಕೆದ ಪಡೆಯನ್ನು ಮುರಿದವು.

ಹೆಂಡತಿ ಮತ್ತು ಮಗನ ಮರಣ

1579ರ ಘಟನೆಯು ಇಯೆಯಾಸುವಿನ ಜೀವನದ ಅತ್ಯಂತ ಚರ್ಚಿತ ಪ್ರಸಂಗ. ಹಿರಿಯ ಮಗ ನೊಬುಯಾಸು ನೊಬುನಾಗನ ಅಳಿಯನಾಗಿದ್ದನು. ಅವನೂ ಅವನ ತಾಯಿ ತ್ಸುಕಿಯಾಮಳೂ ಟಕೆದರೊಡನೆ ಒಳಸಂಚು ನಡೆಸಿದ್ದಾರೆಂಬ ಆರೋಪ ಬಂದಿತು. ಇಯೆಯಾಸುವಿನ ಆಜ್ಞೆಯಂತೆ ತ್ಸುಕಿಯಾಮಳನ್ನು ಕೊಲ್ಲಲಾಯಿತು. ಇಪ್ಪತ್ತರ ಹರೆಯದ ಮಗನು ಆತ್ಮಹತ್ಯೆ ಮಾಡಿಕೊಳ್ಳಬೇಕಾಯಿತು. ನೊಬುನಾಗನ ಒತ್ತಾಯವೇ ಇದಕ್ಕೆ ಕಾರಣವೆಂದು ಹಳೆಯ ಗ್ರಂಥಗಳು ಹೇಳುತ್ತವೆ. ಓಕಜಾಕಿಯಲ್ಲಿದ್ದ ಮಗನ ಪಕ್ಷಕ್ಕೂ ಹಮಾಮತ್ಸುವಿನಲ್ಲಿದ್ದ ತಂದೆಯ ಪಕ್ಷಕ್ಕೂ ಬೆಳೆದಿದ್ದ ಒಡಕೇ ಮೂಲ ಕಾರಣವಿರಬೇಕೆಂಬುದು ಇತ್ತೀಚಿನ ಕೆಲವು ವಿದ್ವಾಂಸರ ಅಭಿಪ್ರಾಯ. ಅದೇ ವರ್ಷ ಬೇರೊಬ್ಬ ಪತ್ನಿಯಲ್ಲಿ ಹುಟ್ಟಿದ ಹಿದೆತದನು ಮುಂದೆ ಎರಡನೆಯ ಶೋಗನ್ ಆದನು.

ಹಿದೆಯೋಶಿಯ ಅಧೀನದಲ್ಲಿ

1582ರ ಜೂನ್ ತಿಂಗಳಲ್ಲಿ ನೊಬುನಾಗನು ತನ್ನದೇ ಸೇನಾನಿಯ ದ್ರೋಹಕ್ಕೆ ಕ್ಯೋಟೊದಲ್ಲಿ ಬಲಿಯಾದನು. ಆಗ ಕೆಲವೇ ಜನರೊಡನೆ ಸಕಾಯಿ ಬಂದರಿನಲ್ಲಿದ್ದ ಇಯೆಯಾಸು ಇಗ ಪ್ರಾಂತ್ಯದ ಬೆಟ್ಟದಾರಿ ಹಿಡಿದು ಊರು ಸೇರಿದನು. ಕೆಳವರ್ಗದಲ್ಲಿ ಹುಟ್ಟಿ ನೊಬುನಾಗನ ಸೇನಾನಿಯಾಗಿ ಬೆಳೆದ ಹಿದೆಯೋಶಿ ಅಧಿಕಾರ ಹಿಡಿದನು. 1584ರಲ್ಲಿ ಇಬ್ಬರ ನಡುವೆ ಯುದ್ಧವಾಯಿತು. ನಾಗಕುತೆ ಎಂಬಲ್ಲಿ ಇಯೆಯಾಸುವಿಗೆ ಮೇಲುಗೈಯಾದರೂ ಒಟ್ಟು ಯುದ್ಧ ನಿರ್ಣಯವಾಗಲಿಲ್ಲ. ಹಿದೆಯೋಶಿ ತನ್ನ ತಂಗಿ ಅಸಾಹಿಯನ್ನು ಇಯೆಯಾಸುವಿಗೆ ಮದುವೆ ಮಾಡಿಕೊಟ್ಟನು. ಬಳಿಕ ಹೆತ್ತ ತಾಯಿಯನ್ನೇ ಒತ್ತೆಯಾಗಿ ಕಳುಹಿಸಿದನು. 1586ರಲ್ಲಿ ಇಯೆಯಾಸು ಒಸಾಕಕ್ಕೆ ಹೋಗಿ ಅವನ ಅಧೀನತೆಯನ್ನು ಒಪ್ಪಿಕೊಂಡನು.

1590ರಲ್ಲಿ ಓದವಾರದ ಹೋಜೊ ಮನೆತನವನ್ನು ಸೋಲಿಸಿದ ಮೇಲೆ ಹಿದೆಯೋಶಿ ಇಯೆಯಾಸುವಿನ ಪೂರ್ವಾರ್ಜಿತ ಸೀಮೆಗಳನ್ನು ತೆಗೆದುಕೊಂಡು ಪೂರ್ವದ ಕಾಂಟೊ ಬಯಲನ್ನು ಕೊಟ್ಟನು. ಹುಟ್ಟಿದ ನೆಲವನ್ನು ಬಿಟ್ಟು ರಾಜಧಾನಿಯಿಂದ ದೂರ ಹೋಗುವುದು ಮೇಲ್ನೋಟಕ್ಕೆ ಶಿಕ್ಷೆಯಂತಿತ್ತು. ಆದರೆ ಅದರ ಇಳುವರಿ ಸುಮಾರು 24 ಲಕ್ಷ ಕೊಕು. ಇಷ್ಟು ದೊಡ್ಡ ಸೀಮೆ ಬೇರೆ ಯಾವ ದೈಮ್ಯೊನಿಗೂ ಇರಲಿಲ್ಲ. ಸಮುದ್ರದಂಚಿನ ಜೌಗು ನೆಲದಲ್ಲಿ ಹಳೆಯ ಸಣ್ಣ ಕೋಟೆಯಿದ್ದ ಎಡೊವನ್ನು ಅವನು ರಾಜಧಾನಿಯಾಗಿ ಆರಿಸಿಕೊಂಡು ಕಾಲುವೆ ತೋಡಿಸಿದನು, ತಗ್ಗುಗಳನ್ನು ತುಂಬಿಸಿದನು. 1592ರಿಂದ ಹಿದೆಯೋಶಿ ಕೊರಿಯಾದ ಮೇಲೆ ನಡೆಸಿದ ದಂಡಯಾತ್ರೆಗಳಲ್ಲಿ ಇಯೆಯಾಸುವಿನ ಸೈನ್ಯ ಸಮುದ್ರ ದಾಟಲಿಲ್ಲ. ಹಾಗಾಗಿ ಇತರರು ಬಳಲಿದಾಗ ಅವನ ಬಲ ಉಳಿಯಿತು.

1600ನೆಯ ವರ್ಷ

1598ರ ಸೆಪ್ಟೆಂಬರ್ ತಿಂಗಳಲ್ಲಿ ಹಿದೆಯೋಶಿ ತೀರಿಕೊಂಡಾಗ ಮಗ ಹಿದೆಯೋರಿಗೆ ಐದು ವರ್ಷ. ಬಾಲಕನು ದೊಡ್ಡವನಾಗುವವರೆಗೆ ಆಡಳಿತ ನಡೆಸಲು ಐವರು ಹಿರಿಯ ದೈಮ್ಯೊಗಳ ಮಂಡಲಿಯನ್ನು ನೇಮಿಸಿ, ಅವರಿಂದ ನಿಷ್ಠೆಯ ಪ್ರಮಾಣವನ್ನು ಬರೆಯಿಸಿಕೊಳ್ಳಲಾಗಿತ್ತು. ಅವರಲ್ಲಿ ಇಯೆಯಾಸು ಪ್ರಮುಖನು. ಆದರೆ ಅವನು ನಿಷೇಧವನ್ನು ಮೀರಿ ಇತರ ದೈಮ್ಯೊಗಳೊಡನೆ ವಿವಾಹ ಸಂಬಂಧಗಳನ್ನು ಬೆಳೆಸಿದನು. 1599ರಲ್ಲಿ ಸಮಬಲದ ಮಾಎದ ತೋಶಿಇಎ ತೀರಿಕೊಂಡ ನಂತರ ಒಸಾಕ ಕೋಟೆಯಲ್ಲೇ ವಾಸಿಸತೊಡಗಿದನು.

1600ರ ಬೇಸಿಗೆಯಲ್ಲಿ, ಆಜ್ಞೆಯನ್ನು ಮೀರಿ ಕೋಟೆ ಕಟ್ಟುತ್ತಿದ್ದಾನೆಂಬ ಕಾರಣಕ್ಕೆ ಉತ್ತರದ ಉಎಸುಗಿ ಕಾಗೆಕತ್ಸುವಿನ ಮೇಲೆ ಇಯೆಯಾಸು ದಂಡೆತ್ತಿ ಹೊರಟನು. ಅವನ ಬೆನ್ನ ಹಿಂದೆ ಟೊಯೊಟೊಮಿ ಸರ್ಕಾರದ ಅಧಿಕಾರಿ ಇಶಿದ ಮಿತ್ಸುನಾರಿ ಪಶ್ಚಿಮದ ದೈಮ್ಯೊಗಳನ್ನು ಒಗ್ಗೂಡಿಸಿದನು. ಫುಶಿಮಿ ಕೋಟೆಯನ್ನು ಕಾಯಲು ಇಯೆಯಾಸು ಬಿಟ್ಟುಹೋಗಿದ್ದವನು ಟೊರಿಇ ಮೊತೊತದ, ಸುಂಪುವಿನ ಒತ್ತೆಯ ದಿನಗಳಿಂದ ಜೊತೆಗಿದ್ದ ಸಂಗಾತಿ. ಸಣ್ಣ ಪಡೆಯೊಡನೆ ಕೋಟೆ ಉಳಿಯದೆಂಬುದು ಇಬ್ಬರಿಗೂ ತಿಳಿದಿತ್ತು. ಮೊತೊತದನು ಹತ್ತು ದಿನಗಳಿಗೂ ಹೆಚ್ಚು ಕಾಲ ಶತ್ರುಸೈನ್ಯವನ್ನು ತಡೆದು ಮಡಿದನು. ಆ ಕೋಟೆಯ ರಕ್ತದ ಕಲೆಯಿರುವ ಹಲಗೆಗಳೆಂದು ನಂಬಲಾದ ಮರವನ್ನು ಕ್ಯೋಟೊದ ಕೆಲವು ದೇವಾಲಯಗಳ ಚಾವಣಿಯಲ್ಲಿ ಇಂದಿಗೂ ತೋರಿಸುತ್ತಾರೆ.

ಓಯಾಮ ಎಂಬಲ್ಲಿ ಸುದ್ದಿ ತಿಳಿದಾಗ ಇಯೆಯಾಸುವಿನ ಪಾಳೆಯದಲ್ಲಿ ಹಿದೆಯೋಶಿಯ ಹಳೆಯ ಸೇನಾನಿಗಳು ಅನೇಕರಿದ್ದರು. ಮಿತ್ಸುನಾರಿಯ ಮೇಲಿನ ದ್ವೇಷದಿಂದ ಫುಕುಶಿಮ ಮಸಾನೊರಿ ಮುಂತಾದವರು ಇಯೆಯಾಸುವಿನ ಪಕ್ಷದಲ್ಲಿ ನಿಂತರು. ಇಯೆಯಾಸು ತಕ್ಷಣ ಯುದ್ಧಕ್ಕೆ ಧಾವಿಸಲಿಲ್ಲ. ಸುಮಾರು ಒಂದು ತಿಂಗಳು ಎಡೊದಲ್ಲಿ ಕುಳಿತು ದೈಮ್ಯೊಗಳಿಗೆ ನೂರಕ್ಕೂ ಮಿಕ್ಕಿ ಪತ್ರಗಳನ್ನು ಬರೆದನು. ಯಾರಿಗೆ ಯಾವ ಸೀಮೆ ದೊರೆಯುವುದೆಂಬ ಭರವಸೆ ಅವುಗಳಲ್ಲಿ ಅನೇಕವುಗಳ ಸಾರವಾಗಿತ್ತು.

21 ಅಕ್ಟೋಬರ್ 1600ರಂದು ಸೆಕಿಗಹಾರ ಎಂಬ ಬೆಟ್ಟಗಳ ನಡುವಿನ ಕಿರುಬಯಲಿನಲ್ಲಿ ಎರಡೂ ಸೈನ್ಯಗಳು ಎದುರಾದವು. ಪ್ರತಿ ಪಕ್ಷದಲ್ಲಿ ಸುಮಾರು 75 ರಿಂದ 80 ಸಾವಿರ ಜನರಿದ್ದರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಮಗ ಹಿದೆತದನ ಕೈಕೆಳಗಿನ 38 ಸಾವಿರ ಜನರ ಪಡೆ ಉಎದ ಕೋಟೆಯ ಮುತ್ತಿಗೆಯಲ್ಲಿ ಕಾಲ ಕಳೆದು ಕದನಕ್ಕೆ ಬರಲೇ ಇಲ್ಲ. ಮುಂಜಾನೆಯ ಮಂಜು ಕರಗಿದ ಮೇಲೆ ಆರಂಭವಾದ ಕದನ ಮಧ್ಯಾಹ್ನದೊಳಗೆ ತಿರುವು ಪಡೆಯಿತು. ಪಶ್ಚಿಮ ಪಕ್ಷದ ಕೋಬಯಾಕಾವ ಹಿದೆಆಕಿ ಮೊದಲೇ ಮಾಡಿಕೊಂಡ ಒಳಒಪ್ಪಂದದಂತೆ ಪಕ್ಷ ಬದಲಿಸಿ ತನ್ನವರ ಮೇಲೆಯೇ ಬಿದ್ದನು. ಮೋರಿ ಮನೆತನದ ಪಡೆಯನ್ನು ಅವರದೇ ಬಂಧು ಕಿಕ್ಕಾವ ಹಿರೋಇಎ ಕದಲದಂತೆ ತಡೆದನು. ಎಡೊದಿಂದ ಬರೆದ ಪತ್ರಗಳ ಫಲ ರಣರಂಗದಲ್ಲಿ ಕಂಡಿತು. ಮಿತ್ಸುನಾರಿಯೂ ಅವನ ಇಬ್ಬರು ಸಂಗಾತಿಗಳೂ ಸೆರೆಸಿಕ್ಕಿ ಕ್ಯೋಟೊದಲ್ಲಿ ಶಿರಚ್ಛೇದಕ್ಕೆ ಗುರಿಯಾದರು.

ಯುದ್ಧಾನಂತರ ಸುಮಾರು 90 ಮನೆತನಗಳು ತಮ್ಮ ಸೀಮೆಗಳನ್ನು ಕಳೆದುಕೊಂಡವು. ಮೋರಿ ಮನೆತನದ 12 ಲಕ್ಷ ಕೊಕು 4 ಲಕ್ಷಕ್ಕಿಂತ ಕಡಿಮೆಯಾಯಿತು. ಉಎಸುಗಿಯ 12 ಲಕ್ಷ 3 ಲಕ್ಷಕ್ಕಿಳಿಯಿತು. ಬಾಲಕ ಹಿದೆಯೋರಿಗೆ ಸುಮಾರು 6.5 ಲಕ್ಷ ಕೊಕು ಮಾತ್ರ ಉಳಿಯಿತು. ಒಡೆಯರನ್ನು ಕಳೆದುಕೊಂಡ ಸಾವಿರಾರು ಸಮುರಾಯ್‌ಗಳು ರೋನಿನ್ ಎಂಬ ಹೆಸರಿನ ಅಲೆಮಾರಿಗಳಾದರು.

ಶೋಗನ್ ಪದವಿ ಮತ್ತು ಆಡಳಿತ

24 ಮಾರ್ಚ್ 1603ರಂದು ಸಾಮ್ರಾಟ ಗೊಯೋಜೈ ಇಯೆಯಾಸುವಿಗೆ ಶೋಗನ್ ಪದವಿಯನ್ನು ಕೊಟ್ಟನು. ಎರಡೇ ವರ್ಷಗಳಲ್ಲಿ, 1605ರಲ್ಲಿ, ಅವನು ಪದವಿಯನ್ನು ಹಿದೆತದನಿಗೆ ಬಿಟ್ಟುಕೊಟ್ಟನು. ಈ ಪದವಿ ಇನ್ನು ಟೊಕುಗಾವ ಮನೆತನದ ವಂಶಪಾರಂಪರ್ಯದ ಆಸ್ತಿ, ಟೊಯೊಟೊಮಿಗಳಿಗೆ ಮರಳುವುದಿಲ್ಲ ಎಂಬ ಸಂದೇಶ ಇದರಲ್ಲಿತ್ತು. 1607ರಿಂದ ತಾನು ಒತ್ತೆಯಾಳಾಗಿ ಬೆಳೆದ ಸುಂಪುವಿನಲ್ಲೇ ನೆಲೆಸಿ, ನಿವೃತ್ತ ಶೋಗನ್ ಎಂಬ ಹೆಸರಿನಲ್ಲಿ ಮುಖ್ಯ ವಿಷಯಗಳನ್ನೆಲ್ಲ ತಾನೇ ನಿರ್ಧರಿಸುತ್ತಿದ್ದನು.

ಪರಂಪರೆಯ ಸೇವಕರನ್ನು ಎಡೊ ಸುತ್ತಮುತ್ತ ಮತ್ತು ಹೆದ್ದಾರಿಗಳ ಆಯಕಟ್ಟಿನ ಸ್ಥಳಗಳಲ್ಲಿ ನೆಲೆಗೊಳಿಸಿ, ಸೆಕಿಗಹಾರದ ನಂತರ ಶರಣಾದವರನ್ನು ದೂರದ ಗಡಿಗಳಿಗೆ ಕಳುಹಿಸುವುದು ಅವನ ನೀತಿಯಾಗಿತ್ತು. ಎಡೊ ಮತ್ತು ಕ್ಯೋಟೊ ನಡುವಿನ ಹೆದ್ದಾರಿಯಲ್ಲಿ ಅಂಚೆಯ ತಂಗುದಾಣಗಳನ್ನು ಏರ್ಪಡಿಸಿದನು. ಚಿನ್ನ ಬೆಳ್ಳಿಯ ಗಣಿಗಳನ್ನು ವಶಕ್ಕೆ ತೆಗೆದುಕೊಂಡು 1601ರಿಂದ ಏಕರೂಪದ ನಾಣ್ಯಗಳನ್ನು ಟಂಕಿಸಿದನು. ಕನ್‌ಫ್ಯೂಷಿಯಸ್ ತತ್ತ್ವದ ವಿದ್ವಾಂಸ ಹಯಾಶಿ ರಜಾನ್‌ನನ್ನು ಸೇವೆಗೆ ಸೇರಿಸಿಕೊಂಡನು. ಮರದ ಮತ್ತು ತಾಮ್ರದ ಅಚ್ಚುಮೊಳೆಗಳಿಂದ ಪ್ರಾಚೀನ ಗ್ರಂಥಗಳನ್ನು ಮುದ್ರಿಸಿದನು.

ವಿದೇಶ ಸಂಬಂಧ ಮತ್ತು ಕ್ರೈಸ್ತರು

ಜಪಾನಿನೊಡನೆ ಪೋರ್ಚುಗೀಸರ ವ್ಯಾಪಾರವು ಗೋವೆಯಿಂದ ಮಲಕ್ಕ ಮತ್ತು ಮಕಾವು ಮಾರ್ಗವಾಗಿ ನಾಗಸಾಕಿಗೆ ನಡೆಯುತ್ತಿತ್ತು. 1582ರಲ್ಲಿ ಯುರೋಪಿಗೆ ಹೊರಟ ನಾಲ್ವರು ಜಪಾನೀ ಕ್ರೈಸ್ತ ಬಾಲಕರ ನಿಯೋಗವೂ ಗೋವೆಯಲ್ಲಿ ತಂಗಿತ್ತು. ಈ ಏಕಸ್ವಾಮ್ಯವನ್ನು ಮುರಿಯಲು ಇಯೆಯಾಸು ಇತರ ದೇಶಗಳನ್ನು ಬರಮಾಡಿಕೊಂಡನು. 1600ರ ಏಪ್ರಿಲ್‌ನಲ್ಲಿ ಡಚ್ ಹಡಗೊಂದು ಜಪಾನಿನ ತೀರಕ್ಕೆ ಬಂದಾಗ, ಅದರಲ್ಲಿದ್ದ ಇಂಗ್ಲಿಷ್ ನಾವಿಕ ವಿಲಿಯಂ ಆ್ಯಡಮ್ಸ್‌ನನ್ನು ಒಸಾಕಕ್ಕೆ ಕರೆಸಿ ವಿಚಾರಿಸಿದನು. ಮುಂದೆ ಅವನಿಂದ ಎರಡು ಹಡಗುಗಳನ್ನು ಕಟ್ಟಿಸಿ, ಭೂಮಿಯನ್ನೂ ಸೇವಕರನ್ನೂ ಕೊಟ್ಟನು. 1609ರಲ್ಲಿ ಡಚ್ಚರಿಗೂ 1613ರಲ್ಲಿ ಇಂಗ್ಲಿಷರಿಗೂ ಹಿರಾದೊ ಬಂದರಿನಲ್ಲಿ ವ್ಯಾಪಾರಕ್ಕೆ ಅನುಮತಿ ದೊರೆಯಿತು. ಹಿದೆಯೋಶಿಯ ಯುದ್ಧಗಳಿಂದ ಮುರಿದಿದ್ದ ಕೊರಿಯಾ ಸಂಬಂಧವು 1607ರಲ್ಲಿ ಮತ್ತೆ ಕೂಡಿಕೊಂಡಿತು.

ವ್ಯಾಪಾರ ಬೇಕು, ಮತಪ್ರಚಾರ ಬೇಡ ಎಂಬುದು ಅವನ ನಿಲುವಾಯಿತು. 1612ರಲ್ಲಿ ತನ್ನ ನೇರ ಆಡಳಿತದ ಪ್ರದೇಶಗಳಲ್ಲಿಯೂ 1614ರಲ್ಲಿ ಇಡೀ ದೇಶದಲ್ಲಿಯೂ ಕ್ರೈಸ್ತ ಮತವನ್ನು ನಿಷೇಧಿಸಿ ಪಾದ್ರಿಗಳನ್ನು ಹೊರಹಾಕಿದನು. ಅವನ ನಂತರದ ಶೋಗನ್‌ರು ಈ ನೀತಿಯನ್ನು ಕ್ರೂರವಾಗಿ ಮುಂದುವರಿಸಿ, 1630ರ ದಶಕದಲ್ಲಿ ಹೊರಜಗತ್ತಿನೊಡನೆ ಸಂಪರ್ಕವನ್ನು ಬಿಗಿಯಾಗಿ ಮಿತಿಗೊಳಿಸಿದರು.

ಒಸಾಕ ಮುತ್ತಿಗೆ

1603ರಲ್ಲಿ ಇಯೆಯಾಸು ಮೊಮ್ಮಗಳು ಸೆನ್‌ಹಿಮೆಯನ್ನು ಹಿದೆಯೋರಿಗೆ ಮದುವೆ ಮಾಡಿಕೊಟ್ಟಿದ್ದನು. 1611ರಲ್ಲಿ ಕ್ಯೋಟೊದ ನಿಜೊ ಕೋಟೆಯಲ್ಲಿ ಇಬ್ಬರೂ ಭೇಟಿಯಾದರು. ಆಗ ಒಬ್ಬನು ಎಪ್ಪತ್ತರ ಸಮೀಪದ ವೃದ್ಧ, ಇನ್ನೊಬ್ಬನು ಹದಿನೇಳರ ಯುವಕ. 1614ರಲ್ಲಿ ಹಿದೆಯೋರಿ ಹೋಕೋಜಿ ದೇವಾಲಯಕ್ಕೆ ಮಾಡಿಸಿದ ಘಂಟೆಯ ಬರಹದಲ್ಲಿ ಇಯೆಯಾಸುವಿನ ಹೆಸರಿನ ಎರಡು ಅಕ್ಷರಗಳನ್ನು ಬೇರೆ ಬೇರೆಯಾಗಿ ಬಳಸಲಾಗಿತ್ತು. ಅದು ತನ್ನನ್ನು ತುಂಡರಿಸುವ ಶಾಪವೆಂಬ ಆಕ್ಷೇಪವೇ ಯುದ್ಧಕ್ಕೆ ನೆಪವಾಯಿತು.

ಸೀಮೆ ಕಳೆದುಕೊಂಡ ರೋನಿನ್‌ಗಳು ಒಸಾಕ ಕೋಟೆಯಲ್ಲಿ ನೆರೆದರು. 1614ರ ಚಳಿಗಾಲದ ಮುತ್ತಿಗೆಗೆ ಕೋಟೆ ಬಗ್ಗಲಿಲ್ಲ. ಸಂಧಿಯಾದ ಕೂಡಲೇ ಟೊಕುಗಾವ ಪಡೆ ಹೊರಗಿನ ಕಂದಕಗಳ ಜೊತೆಗೆ ಒಳಗಿನವನ್ನೂ ಮುಚ್ಚಿಬಿಟ್ಟಿತು. 1615ರ ಬೇಸಿಗೆಯಲ್ಲಿ ಯುದ್ಧ ಮರಳಿ ಆರಂಭವಾದಾಗ ಕೋಟೆಗೆ ರಕ್ಷಣೆ ಉಳಿದಿರಲಿಲ್ಲ. ಸನದ ನೊಬುಶಿಗೆಯ ಪಡೆ ಇಯೆಯಾಸುವಿನ ಪಾಳೆಯದವರೆಗೂ ನುಗ್ಗಿತಾದರೂ ಅವನು ಅಲ್ಲಿಯೇ ಮಡಿದನು. ಜೂನ್ ಮೊದಲ ವಾರದಲ್ಲಿ ಕೋಟೆ ಬಿದ್ದಿತು. ಹಿದೆಯೋರಿಯೂ ತಾಯಿ ಯೋದೊಳೂ ಆತ್ಮಹತ್ಯೆ ಮಾಡಿಕೊಂಡರು. ಸೆನ್‌ಹಿಮೆ ಬದುಕಿ ಹೊರಬಂದಳು. ಹಿದೆಯೋರಿಯ ಎಂಟು ವರ್ಷದ ಮಗನನ್ನು ಹಿಡಿದು ಕ್ಯೋಟೊದಲ್ಲಿ ಕೊಲ್ಲಲಾಯಿತು. ಮಗಳೊಬ್ಬಳನ್ನು ಸನ್ಯಾಸಿನಿಯರ ಮಠಕ್ಕೆ ಕಳುಹಿಸಲಾಯಿತು. ಸಾಯುತ್ತಿದ್ದ ಹಿದೆಯೋಶಿಗೆ ಕೊಟ್ಟ ಪ್ರಮಾಣವು ಹೀಗೆ ಕೊನೆಗೊಂಡಿತು.

ಅದೇ ವರ್ಷ ಮೂರು ಮುಖ್ಯ ಶಾಸನಗಳು ಹೊರಟವು. ಒಂದು ಸೀಮೆಗೆ ಒಂದೇ ಕೋಟೆ ಎಂಬ ನಿಯಮ ಮೊದಲನೆಯದು. ಅನುಮತಿಯಿಲ್ಲದೆ ಕೋಟೆ ದುರಸ್ತಿಯನ್ನೂ ಮದುವೆ ಸಂಬಂಧವನ್ನೂ ಮಾಡಬಾರದೆಂದು ದೈಮ್ಯೊಗಳನ್ನು ಕಟ್ಟುಪಡಿಸಿದ ಸಮುರಾಯ್ ಮನೆತನಗಳ ಸಂಹಿತೆ ಎರಡನೆಯದು. ಸಾಮ್ರಾಟನ ಆಸ್ಥಾನವನ್ನು ವಿದ್ಯಾಭ್ಯಾಸ ಮತ್ತು ವಿಧಿಗಳಿಗೆ ಸೀಮಿತಗೊಳಿಸಿದ ಸಂಹಿತೆ ಮೂರನೆಯದು. ತಾನು ಅಧಿಕಾರಕ್ಕೇರಲು ಬಳಸಿದ ಮದುವೆ ಸಂಬಂಧದ ದಾರಿಯನ್ನೇ ಇಯೆಯಾಸು ಇತರರಿಗೆ ಮುಚ್ಚಿದನು.

ಮರಣ

1616ರ ಆರಂಭದಲ್ಲಿ ಗಿಡುಗದ ಬೇಟೆಗೆ ಹೋಗಿದ್ದಾಗ ಇಯೆಯಾಸು ಕಾಯಿಲೆ ಬಿದ್ದನು. ಎಣ್ಣೆಯಲ್ಲಿ ಕರಿದ ಮೀನನ್ನು ತಿಂದದ್ದೇ ಕಾರಣವೆಂಬ ಕಥೆ ಜನಪ್ರಿಯವಾಗಿದೆ. ಹೊಟ್ಟೆಯ ಕ್ಯಾನ್ಸರ್ ಇದ್ದಿರಬೇಕೆಂದು ಇಂದು ಹಲವರು ಊಹಿಸುತ್ತಾರೆ. 1 ಜೂನ್ 1616ರಂದು ಸುಂಪುವಿನಲ್ಲಿ, 73ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮೊದಲು ಕುನೋ ಬೆಟ್ಟದಲ್ಲಿ ಸಮಾಧಿ ಮಾಡಿ, 1617ರಲ್ಲಿ ನಿಕ್ಕೊದಲ್ಲಿ ದೈವವಾಗಿ ಪ್ರತಿಷ್ಠಾಪಿಸಲಾಯಿತು. ಮೊಮ್ಮಗ ಇಯೆಮಿತ್ಸು 1630ರ ದಶಕದಲ್ಲಿ ಅಲ್ಲಿ ಕಟ್ಟಿಸಿದ ತೋಶೋಗು ದೇವಾಲಯವು 1999ರಿಂದ ವಿಶ್ವ ಪರಂಪರೆಯ ತಾಣವಾಗಿದೆ.

ಕುಟುಂಬ ಮತ್ತು ಹವ್ಯಾಸಗಳು

ಇಯೆಯಾಸುವಿಗೆ 11 ಗಂಡು ಮತ್ತು 5 ಹೆಣ್ಣು ಮಕ್ಕಳೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಕಿರಿಯ ಮೂವರು ಮಕ್ಕಳಿಂದ ಓವಾರಿ, ಕಿಇ ಮತ್ತು ಮಿತೊ ಎಂಬ ಮೂರು ಶಾಖೆಗಳು ಬೆಳೆದವು. ಮುಖ್ಯ ಶಾಖೆಯಲ್ಲಿ ಸಂತಾನವಿಲ್ಲದಾಗ ಶೋಗನ್‌ರನ್ನು ಒದಗಿಸುವುದು ಇವುಗಳ ಉದ್ದೇಶವಾಗಿತ್ತು. ಗಿಡುಗದ ಬೇಟೆ, ಈಜು ಮತ್ತು ಇತಿಹಾಸ ಗ್ರಂಥಗಳ ಓದು ಅವನ ಹವ್ಯಾಸಗಳು. ತನ್ನ ಔಷಧಿಗಳನ್ನು ತಾನೇ ಅರೆದು ತಯಾರಿಸುತ್ತಿದ್ದನು.

ಮೌಲ್ಯಮಾಪನ

ವಿಜಯನಗರವು 1565ರ ರಕ್ಕಸತಂಗಡಿ ಯುದ್ಧದಿಂದ ಕುಸಿದು ಕರ್ನಾಟಕದಲ್ಲಿ ನಾಯಕರು ಮತ್ತು ಪಾಳೆಯಗಾರರು ಸ್ವತಂತ್ರರಾಗುತ್ತಿದ್ದ ಕಾಲದಲ್ಲಿಯೇ ಜಪಾನಿನಲ್ಲಿ ಅದಕ್ಕೆ ವಿರುದ್ಧವಾದ ಬೆಳವಣಿಗೆ ನಡೆಯಿತು. ಚದುರಿದ ಸೀಮೆಗಳು ಒಂದು ಹಿಡಿತಕ್ಕೆ ಬಂದವು. 1637–38ರ ಶಿಮಬಾರ ದಂಗೆಯನ್ನು ಬಿಟ್ಟರೆ, ಎರಡು ಶತಮಾನಗಳಿಗೂ ಮಿಕ್ಕಿ ದೇಶದೊಳಗೆ ದೊಡ್ಡ ಯುದ್ಧ ನಡೆಯಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಎಡೊ ಸುಮಾರು ಹತ್ತು ಲಕ್ಷ ಜನರ ನಗರವಾಯಿತು. ಈ ಶಾಂತಿಗೆ ತೆತ್ತ ಬೆಲೆಯೂ ಕಡಿಮೆಯದಲ್ಲ. ಹುಟ್ಟಿನಿಂದ ನಿಗದಿಯಾದ ಶ್ರೇಣಿಗಳು, ರೈತರ ಮೇಲಿನ ಕಂದಾಯದ ಭಾರ, ಕ್ರೈಸ್ತರ ಹಿಂಸೆ ಇವೂ ಅದೇ ವ್ಯವಸ್ಥೆಯ ಭಾಗಗಳು.

ಟೊಕುಗಾವ ಕಾಲದಲ್ಲಿ ಅವನನ್ನು ದೇವರೆಂದು ಪೂಜಿಸಿದರು. ಒಸಾಕದ ಜನಪದದಲ್ಲಿ ಅವನು ಕುತಂತ್ರಿ ಮುದುಕ. ತಾಳ್ಮೆಯ ಕುರಿತು ಅವನ ಹೆಸರಿನಲ್ಲಿ ಪ್ರಚಾರದಲ್ಲಿರುವ ಉಪದೇಶವು ನಂತರದ ಕಾಲದ ರಚನೆಯೆಂದು ವಿದ್ವಾಂಸರು ತೀರ್ಮಾನಿಸಿದ್ದಾರೆ. ಆದರೂ ಬಾಲ್ಯದಿಂದಲೇ ಒತ್ತೆಯಲ್ಲಿದ್ದು ಅರವತ್ತರಲ್ಲಿ ಶೋಗನ್ ಆದವನ ಬದುಕಿಗೆ ತಾಳ್ಮೆಯ ಗುಣವನ್ನು ಜನರು ಹೊಂದಿಸಿದ್ದು ಸಹಜವೇ ಆಗಿದೆ.

ಸಾಹಿತ್ಯ ಮತ್ತು ಚಲನಚಿತ್ರಗಳಲ್ಲಿ

ಯಾಮಾಓಕ ಸೋಹಾಚಿ ಬರೆದ ಬೃಹತ್ ಜಪಾನೀ ಕಾದಂಬರಿ ಇಯೆಯಾಸುವಿನ ಜೀವನವನ್ನು ಆಧರಿಸಿದೆ. ಜೇಮ್ಸ್ ಕ್ಲಾವೆಲ್‌ನ ‘ಶೋಗನ್’ (1975) ಕಾದಂಬರಿಯ ತೊರನಾಗ ಎಂಬ ಪಾತ್ರಕ್ಕೆ ಇವನೇ ಮಾದರಿ. ಅಕಿರ ಕುರೊಸಾವನ ‘ಕಾಗೆಮುಶ’ (1980) ಚಿತ್ರದಲ್ಲಿಯೂ ಇಯೆಯಾಸುವಿನ ಪಾತ್ರವಿದೆ.